ಕ್ಯಾಮೆರಾಕ್ಕೆ ಕಾಣದ ನಕಲು: ಉದ್ಯೋಗದ ಆನ್‌ಲೈನ್ ಪರೀಕ್ಷೆಯನ್ನು ನಂಬುವುದು ಹೇಗೆ?

2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹೊತ್ತಿಗೆ ಕರ್ನಾಟಕದ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು. ‘ವೆಬ್‌ಕಾಸ್ಟಿಂಗ್’ ಎಂಬ ಪದ ಹಳ್ಳಿಯ ಪಾಲಕರಿಗೂ ಪರಿಚಯವಾಯಿತು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ ಆ ವರ್ಷ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಹೆಚ್ಚಿಸಿದ ಮೇಲೆ. ನಕಲಿಗೆ ಬಿದ್ದ ಕಡಿವಾಣವೇ ಈ ಇಳಿತಕ್ಕೆ ಕಾರಣವೆಂದು ಹಲವರು ಹೇಳಿದರು. ಅಂದಿನಿಂದ ನಕಲಿನ ಮಾತು ಬಂದಾಗಲೆಲ್ಲ ನಮ್ಮಲ್ಲಿ ಸಿದ್ಧವಾಗಿರುವ ಉತ್ತರ ಒಂದೇ: ಕ್ಯಾಮೆರಾ ಹಾಕಿ.

ಉದ್ಯೋಗ ಕೊಡುವ ಕಂಪನಿಗಳೂ ಇದೇ ಉತ್ತರವನ್ನು ನೆಚ್ಚಿಕೊಂಡಿವೆ. ಎಂಜಿನಿಯರಿಂಗ್ ಕೊನೆಯ ವರ್ಷದ ಹುಡುಗಿಯೊಬ್ಬಳು ತನ್ನ ಮನೆಯಲ್ಲೋ ಪಿ.ಜಿ. ಕೋಣೆಯಲ್ಲೋ ಲ್ಯಾಪ್‌ಟಾಪ್ ತೆರೆದು ಆಪ್ಟಿಟ್ಯೂಡ್ ಮತ್ತು ಕೋಡಿಂಗ್ ಟೆಸ್ಟ್ ಬರೆಯುತ್ತಾಳೆ. ಪರದೆಯ ನೆತ್ತಿಯಲ್ಲಿರುವ ಪುಟ್ಟ ಕ್ಯಾಮೆರಾ ಅವಳ ಮುಖವನ್ನು ನೋಡುತ್ತಿರುತ್ತದೆ. ಇಲ್ಲಿ ಒಂದು ವ್ಯತ್ಯಾಸವನ್ನು ಮರೆಯುವಂತಿಲ್ಲ. ಶಾಲೆಯ ಕೊಠಡಿ ಇಲಾಖೆಯ ಹಿಡಿತದಲ್ಲಿತ್ತು: ಯಾರು ಒಳಗೆ ಬರಬೇಕು, ಮೇಜಿನ ಮೇಲೆ ಏನಿರಬೇಕು, ಮೊಬೈಲ್ ಎಲ್ಲಿಡಬೇಕು ಎಂಬುದನ್ನೆಲ್ಲ ಇಲಾಖೆಯೇ ನಿರ್ಧರಿಸಿತ್ತು. ಮನೆಯ ಕೋಣೆ ಅಭ್ಯರ್ಥಿಯ ಹಿಡಿತದಲ್ಲಿದೆ. ಕ್ಯಾಮೆರಾಕ್ಕೆ ಕಾಣುವುದು ಅಭ್ಯರ್ಥಿ ತೋರಿಸಿದಷ್ಟೇ. ಹೀಗಿರುವಾಗ ಈ ಪರೀಕ್ಷೆಗಳ ಅಂಕವನ್ನು ನಂಬುವುದು ಹೇಗೆ? ನಕಲು ತಡೆಯಲು ಏನೇನು ಪ್ರಯತ್ನಗಳು ನಡೆದಿವೆ, ಅವುಗಳಲ್ಲಿ ಯಾವುದು ಫಲ ಕೊಟ್ಟಿದೆ, ಯಾವುದು ಪ್ರಾಮಾಣಿಕರಿಗೇ ಪೆಟ್ಟು ಕೊಟ್ಟಿದೆ ಎಂಬುದನ್ನು ಒಟ್ಟಾಗಿ ನೋಡುವ ಪ್ರಯತ್ನ ಈ ಲೇಖನ.

ಪರೀಕ್ಷೆ ಮನೆಗೆ ಬಂದ ದಾರಿ

ಕ್ಯಾಂಪಸ್ ನೇಮಕಾತಿಯ ಹಳೆಯ ಚಿತ್ರ ಹಲವರಿಗೆ ನೆನಪಿರಬಹುದು. ಒಂದು ಕಾಲೇಜಿನ ಅಂಗಳದಲ್ಲಿ ಸುತ್ತಲಿನ ಜಿಲ್ಲೆಗಳ ಸಾವಿರಾರು ವಿದ್ಯಾರ್ಥಿಗಳು, ಕೈಯಲ್ಲಿ ಫೈಲು, ಸಭಾಂಗಣದಲ್ಲಿ ಕಾಗದದ ಪ್ರಶ್ನೆಪತ್ರಿಕೆ. ಅಷ್ಟು ಜನರನ್ನು ಒಂದೆಡೆ ಕೂರಿಸುವುದು ಕಂಪನಿಗೂ ಹೊರೆ, ದೂರದಿಂದ ಬರುವ ಅಭ್ಯರ್ಥಿಗೂ ಹೊರೆ. ಈ ಹೊರೆ ಇಳಿಸುವ ಕಸುಬೇ ಒಂದು ಉದ್ಯಮವಾಗಿ ಬೆಳೆಯಿತು. ಬೆಂಗಳೂರಿನ ಇ-ಲಿಟ್ಮಸ್ ಮತ್ತು ಹ್ಯಾಕರ್‌ಅರ್ಥ್, ‘ಆಮ್‌ಕ್ಯಾಟ್’ ಪರೀಕ್ಷೆಯ ಆಸ್ಪೈರಿಂಗ್ ಮೈಂಡ್ಸ್, ಮೆಟಲ್, ಕೋಕ್ಯೂಬ್ಸ್ ಮೊದಲಾದ ಸಂಸ್ಥೆಗಳು ಹುಟ್ಟಿದವು. ಈ ಮಾರುಕಟ್ಟೆಯ ತೂಕ ಕಂಡ ವಿದೇಶಿ ಸಂಸ್ಥೆಗಳು ಅವುಗಳಲ್ಲಿ ಕೆಲವನ್ನು ಕೊಂಡವು: ಕೋಕ್ಯೂಬ್ಸ್ 2016ರಲ್ಲಿ ಏಯಾನ್ ಪಾಲಾಯಿತು, ಮೆಟಲ್ 2018ರಲ್ಲಿ ಮರ್ಸರ್ ಪಾಲಾಯಿತು, ಆಸ್ಪೈರಿಂಗ್ ಮೈಂಡ್ಸ್ 2019ರಲ್ಲಿ ಎಸ್‌ಎಚ್‌ಎಲ್ ಪಾಲಾಯಿತು.

ಮೇಲ್ವಿಚಾರಕರಿಲ್ಲದ ಪರೀಕ್ಷೆಯ ಬಗ್ಗೆ ಪರಿಣತರ ಚರ್ಚೆ ಇನ್ನೂ ಹಳೆಯದು. ಅಂತರರಾಷ್ಟ್ರೀಯ ಪರೀಕ್ಷಾ ಆಯೋಗ 2005ರಲ್ಲೇ ಕಂಪ್ಯೂಟರ್ ಪರೀಕ್ಷೆಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿತ್ತು. ಯಾರು ಬೇಕಾದರೂ ಬರೆಯಬಹುದಾದ ತೆರೆದ ಪರೀಕ್ಷೆ ಮೊದಲನೆಯದು. ಹೆಸರು, ಪಾಸ್‌ವರ್ಡ್ ಕೊಟ್ಟವರಷ್ಟೇ ಬರೆಯುವುದು ಎರಡನೆಯದು. ಮೇಲ್ವಿಚಾರಕರ ಎದುರು ಬರೆಯುವುದು ಮೂರನೆಯದು. ಯಂತ್ರ, ಕೋಣೆ, ಸಿಬ್ಬಂದಿ ಎಲ್ಲವೂ ಪರೀಕ್ಷಾ ಸಂಸ್ಥೆಯ ಕೈಯಲ್ಲಿರುವ ಕೇಂದ್ರದಲ್ಲಿ ಬರೆಯುವುದು ನಾಲ್ಕನೆಯದು. 2020ರಲ್ಲಿ ಕೋವಿಡ್ ಬಂದು ಕಾಲೇಜುಗಳ ಬಾಗಿಲು ಮುಚ್ಚಿದಾಗ, ಮೂರನೆಯ ಮತ್ತು ನಾಲ್ಕನೆಯ ಬಗೆಯಲ್ಲಿ ನಡೆಯಬೇಕಿದ್ದ ಪರೀಕ್ಷೆಗಳು ರಾತ್ರೋರಾತ್ರಿ ಎರಡನೆಯದಕ್ಕೆ ಇಳಿದವು. ಅಂತರ ತುಂಬಲು ವೆಬ್‌ಕ್ಯಾಮ್ ಬಂತು. ಕೋವಿಡ್ ಹೋಯಿತು, ವ್ಯವಸ್ಥೆ ಉಳಿಯಿತು.

ನಕಲು ಎಷ್ಟು ಬಗೆ?

ಎಲ್ಲ ಅಕ್ರಮವನ್ನೂ ‘ಕಾಪಿ’ ಎಂಬ ಒಂದೇ ಮಾತಿನಲ್ಲಿ ಕಟ್ಟಿಹಾಕಿದರೆ ಮದ್ದು ಸಿಗುವುದಿಲ್ಲ. ಪ್ರತಿಯೊಂದು ಬಗೆಗೂ ಮದ್ದು ಬೇರೆ.

ಮೊದಲನೆಯದು, ಉತ್ತರ ಹುಡುಕುವುದು. ಪಕ್ಕದಲ್ಲಿಟ್ಟ ಮೊಬೈಲಿನಲ್ಲಿ ಪ್ರಶ್ನೆಯನ್ನು ಗೂಗಲ್ ಮಾಡುವುದು ಇದರ ಸರಳ ರೂಪ. ಎರಡನೆಯದು, ಇನ್ನೊಬ್ಬರ ನೆರವು: ಪರದೆಯ ಹಿಂದೆ ಕೂತ ಗೆಳೆಯ, ಕೇಬಲ್ ಎಳೆದು ಪಕ್ಕದ ಕೋಣೆಯಲ್ಲಿಟ್ಟ ಮತ್ತೊಂದು ಮಾನಿಟರ್, ದೂರದಿಂದಲೇ ಯಂತ್ರ ನಡೆಸುವ ತಂತ್ರಾಂಶ. ಮೂರನೆಯದು, ಪ್ರಶ್ನೆ ಸೋರಿಕೆ. ಬೆಳಗಿನ ಸ್ಲಾಟ್‌ನಲ್ಲಿ ಬರೆದವರು ಮಧ್ಯಾಹ್ನದ ಸ್ಲಾಟ್‌ನವರಿಗೆ ಟೆಲಿಗ್ರಾಂ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಪ್ರಶ್ನೆ ಕಳಿಸುವುದು. ನಾಲ್ಕನೆಯದು, ಹೆಸರೊಬ್ಬರದು, ಬರೆಯುವವರು ಇನ್ನೊಬ್ಬರು. ಐಟಿ ವಲಯದಲ್ಲಿ ಇದಕ್ಕೆ ‘ಪ್ರಾಕ್ಸಿ’ ಎಂದೇ ಹೆಸರು.

ಐದನೆಯದು ಕೃತಕ ಬುದ್ಧಿಮತ್ತೆ (ಎಐ). 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಂದ ಮೇಲೆ ಮೊದಲ ಎರಡು ಬಗೆಗಳು ಒಂದಾಗಿಹೋದವು. ಉತ್ತರ ಹುಡುಕಬೇಕಿಲ್ಲ, ಗೆಳೆಯನೂ ಬೇಕಿಲ್ಲ. 2025ರ ಹೊತ್ತಿಗೆ, ಪರದೆ ಹಂಚಿಕೊಂಡಾಗ ಸಂದರ್ಶಕರಿಗೆ ಕಾಣದಂತೆ ಅಭ್ಯರ್ಥಿಗಷ್ಟೇ ಉತ್ತರ ತೋರಿಸುವ ಸಾಧನಗಳು ಬಹಿರಂಗವಾಗಿ ಮಾರಾಟಕ್ಕೆ ಬಂದವು. ಆರನೆಯದು, ಗುರುತನ್ನೇ ಸೃಷ್ಟಿಸುವುದು. ದೂರದಿಂದ ಕೆಲಸ ಮಾಡುವ ಹುದ್ದೆಗಳಿಗೆ ಡೀಪ್‌ಫೇಕ್ ಮುಖ ತೊಟ್ಟು ಅರ್ಜಿ ಹಾಕುವವರ ಬಗ್ಗೆ ಅಮೆರಿಕದ ಎಫ್‌ಬಿಐ 2022ರ ಜೂನ್‌ನಲ್ಲೇ ಎಚ್ಚರಿಸಿತ್ತು: ತುಟಿಯ ಚಲನೆಗೂ ಮಾತಿಗೂ ಹೊಂದುವುದಿಲ್ಲ, ಕೆಮ್ಮು, ಸೀನಿನ ಸದ್ದು ಕೇಳುತ್ತದೆ, ಮುಖದಲ್ಲಿ ಕಾಣುವುದಿಲ್ಲ. 2024ರ ಜುಲೈನಲ್ಲಿ ಸೈಬರ್ ಸುರಕ್ಷತಾ ತರಬೇತಿ ಕೊಡುವ ನೋಬಿಫೋರ್ ಎಂಬ ಅಮೆರಿಕದ ಕಂಪನಿಯೇ ತನಗಾದ ಮೋಸವನ್ನು ಬಹಿರಂಗಪಡಿಸಿತು. ಕದ್ದ ಗುರುತಿನೊಂದಿಗೆ ಬಂದ ಉತ್ತರ ಕೊರಿಯಾದ ವ್ಯಕ್ತಿ ನಾಲ್ಕು ವಿಡಿಯೊ ಸಂದರ್ಶನಗಳನ್ನು ದಾಟಿ ನೌಕರಿ ಪಡೆದಿದ್ದ. ಕಂಪನಿಯ ಲ್ಯಾಪ್‌ಟಾಪ್ ಕೈಸೇರಿದ ಕೂಡಲೇ ಅದಕ್ಕೆ ಕುತಂತ್ರಾಂಶ ತುಂಬತೊಡಗಿದಾಗ ಸಿಕ್ಕಿಬಿದ್ದ.

ಅಂಕದ ಮೇಲೆ ಪರಿಣಾಮ ಎಷ್ಟು?

ಮೇಲ್ವಿಚಾರಣೆ ಇದ್ದಾಗ ಮತ್ತು ಇಲ್ಲದಾಗ ಸಾಮರ್ಥ್ಯ ಪರೀಕ್ಷೆಗಳಲ್ಲಿ ಬಂದ ಅಂಕಗಳನ್ನು ಹೋಲಿಸಿದ 49 ಅಧ್ಯಯನಗಳನ್ನು ಸ್ಟೆಗರ್, ಶ್ರೋಡರ್ಸ್ ಮತ್ತು ಗ್ನಾಂಬ್ಸ್ ಎಂಬ ಸಂಶೋಧಕರು ಒಟ್ಟುಗೂಡಿಸಿ ವಿಶ್ಲೇಷಿಸಿದ್ದಾರೆ. ಮೇಲ್ವಿಚಾರಣೆ ಇಲ್ಲದೆ ಬರೆದವರ ಅಂಕ ಸರಾಸರಿ 0.2 ಮಾನಕ ವಿಚಲನೆಯಷ್ಟು ಹೆಚ್ಚಿತ್ತು. ಅಂತರ್ಜಾಲದಲ್ಲಿ ಸುಲಭವಾಗಿ ಉತ್ತರ ಸಿಗುವ ಪ್ರಶ್ನೆಗಳಲ್ಲಿ ವ್ಯತ್ಯಾಸ ದೊಡ್ಡದಾಗಿತ್ತು.

0.2 ಚಿಕ್ಕ ಸಂಖ್ಯೆ ಎಂದು ಸಮಾಧಾನಪಡುವಂತಿಲ್ಲ. ಅದು ಎಲ್ಲರ ಸರಾಸರಿ, ಮತ್ತು ಚಾಟ್‌ಜಿಪಿಟಿಗೆ ಮುಂಚಿನ ಲೆಕ್ಕ. ನೇಮಕಾತಿ ನಡೆಯುವುದು ಸರಾಸರಿಯ ಮೇಲಲ್ಲ, ಕಟ್‌ಆಫ್ ಮೇಲೆ. ಸಾವಿರ ಜನರಲ್ಲಿ ಐವತ್ತು ಮಂದಿ ಮಾತ್ರ ನಕಲು ಮಾಡಿದರೂ, ಮೇಲಿನ ನೂರು ಸ್ಥಾನಗಳಲ್ಲಿ ಆ ಐವತ್ತರ ದೊಡ್ಡ ಪಾಲು ಬಂದು ಕೂರುತ್ತದೆ. ಅಷ್ಟೇ ಸಂಖ್ಯೆಯ ಪ್ರಾಮಾಣಿಕರು ಪಟ್ಟಿಯಿಂದ ಹೊರಬೀಳುತ್ತಾರೆ. ಕಂಪನಿಗೆ ಆಗುವ ನಷ್ಟವನ್ನು ಕಂಪನಿ ಹೇಗೋ ತುಂಬಿಕೊಳ್ಳುತ್ತದೆ. ಶಿಕ್ಷಣ ಸಾಲ ತೀರಿಸಲು ಮೊದಲ ಸಂಬಳಕ್ಕೆ ಕಾದಿರುವ, ತನ್ನ ಬುದ್ಧಿಯಿಂದಲೇ ಬರೆದು ಎರಡಂಕದಲ್ಲಿ ಹೊರಬಿದ್ದ ಹುಡುಗನ ನಷ್ಟವನ್ನು ತುಂಬುವವರಿಲ್ಲ. ನಕಲು ತಡೆಯಬೇಕಿರುವುದು ಮೊದಲು ಅವನಿಗಾಗಿ.

ಕಣ್ಗಾವಲಿನ ಶಕ್ತಿ ಮತ್ತು ಮಿತಿ

ಇಂದಿನ ಕಣ್ಗಾವಲು ಹಲವು ಪದರಗಳದು. ಪರೀಕ್ಷೆ ಮುಗಿಯುವವರೆಗೆ ಬೇರೆ ಕಿಟಕಿ ತೆರೆಯದಂತೆ ಬೀಗ ಹಾಕುವ ಬ್ರೌಸರ್ ಒಂದು. ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಸೇಫ್ ಎಕ್ಸಾಮ್ ಬ್ರೌಸರ್ ಇದಕ್ಕೆ ಉದಾಹರಣೆ. ಮುಖ ಗುರುತಿಸುವುದು, ಕಣ್ಣು ಎತ್ತ ಹೊರಳಿತೆಂದು ಅಳೆಯುವುದು, ಕೋಣೆಯ ಸದ್ದು ಆಲಿಸುವುದು, ಲ್ಯಾಪ್‌ಟಾಪ್ ಎತ್ತಿ ಕೋಣೆಯನ್ನೆಲ್ಲ ತೋರಿಸಲು ಹೇಳುವುದು, ಬೆನ್ನ ಹಿಂದೆ ಮೊಬೈಲನ್ನು ಎರಡನೇ ಕ್ಯಾಮೆರಾ ಆಗಿ ನಿಲ್ಲಿಸುವುದು ಉಳಿದವು.

ಇವು ನಿಜಕ್ಕೂ ಹಿಡಿಯುತ್ತವೆಯೇ? ನೆದರ್‌ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ಸಂಶೋಧಕರು ಪ್ರಾಕ್ಟೋರಿಯೊ ಎಂಬ ತಂತ್ರಾಂಶವನ್ನು ಪರೀಕ್ಷೆಗೊಡ್ಡಿ 2021ರಲ್ಲಿ ವರದಿ ಪ್ರಕಟಿಸಿದರು. 30 ವಿದ್ಯಾರ್ಥಿಗಳಲ್ಲಿ ಆರು ಮಂದಿಗೆ ನಕಲು ಮಾಡಲು ಅವರೇ ಹೇಳಿದ್ದರು. ತಂತ್ರಾಂಶ ಆ ಆರರಲ್ಲಿ ಒಬ್ಬರನ್ನೂ ಹಿಡಿಯಲಿಲ್ಲ. ದೃಶ್ಯಗಳನ್ನು ನೋಡಿದ ಪರಿಶೀಲಕರಿಗೆ ಒಬ್ಬರು ಸಿಕ್ಕರು. ಚಿಕ್ಕ ಪ್ರಯೋಗ ನಿಜ, ಆದರೂ ಅದು ಕೇಳಿದ ಪ್ರಶ್ನೆ ಚಿಕ್ಕದಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಪ್ರಾಕ್ಟರ್‌ಯು ಎಂಬ ಸಂಸ್ಥೆ ಯಂತ್ರವೊಂದೇ ತೀರ್ಪು ಕೊಡುವ ಸೇವೆಯನ್ನು ಮಾರುವುದನ್ನೇ ನಿಲ್ಲಿಸಿತು. ಯಂತ್ರ ಅನುಮಾನಿಸಿದ ಪರೀಕ್ಷೆಗಳಲ್ಲಿ ಸುಮಾರು ಶೇ 11ರಷ್ಟನ್ನು ಮಾತ್ರ ಅಧ್ಯಾಪಕರು ಮರಳಿ ನೋಡುತ್ತಿದ್ದರು ಎಂದು ಅದೇ ಹೇಳಿತು.

ಸಿಕ್ಕವರಲ್ಲಿ ನಿರಪರಾಧಿಗಳೆಷ್ಟು ಎಂಬುದು ಇನ್ನೂ ಗಂಭೀರ ಪ್ರಶ್ನೆ. ಒಂದು ಲೆಕ್ಕ ಹಾಕೋಣ. ಸಾವಿರ ಅಭ್ಯರ್ಥಿಗಳಲ್ಲಿ 50 ಜನ ನಕಲು ಮಾಡುತ್ತಾರೆ ಎಂದುಕೊಳ್ಳಿ. ತಂತ್ರಾಂಶ ಬಹಳ ಚುರುಕಾಗಿದ್ದು ಅವರಲ್ಲಿ 45 ಜನರನ್ನು ಹಿಡಿಯುತ್ತದೆ. ಪ್ರಾಮಾಣಿಕರಲ್ಲಿ ನೂರಕ್ಕೆ ಆರು ಜನರ ಮೇಲಷ್ಟೇ ತಪ್ಪಾಗಿ ಬೊಟ್ಟು ಮಾಡುತ್ತದೆ. ಉಳಿದ 950 ಜನರಲ್ಲಿ ಆ ಆರು ಪರ್ಸೆಂಟ್ ಎಂದರೆ 57 ಜನ. ಒಟ್ಟು ಅನುಮಾನಿತರು 102; ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಿರ್ದೋಷಿಗಳು. ಇಷ್ಟು ಒಳ್ಳೆಯ ಯಂತ್ರದ ಕಥೆಯೇ ಹೀಗಾದರೆ, ಅದರ ಗುರುತನ್ನೇ ತೀರ್ಪೆಂದು ಓದಿ ಅಭ್ಯರ್ಥಿಯನ್ನು ತಳ್ಳಿಹಾಕುವುದು ನ್ಯಾಯವಲ್ಲ.

ಆ 57 ಜನ ಯಾರಿರಬಹುದು? ಒಂದೇ ಕೋಣೆಯಲ್ಲಿ ತಮ್ಮ, ತಂಗಿ, ಅಜ್ಜಿಯೊಡನೆ ಇರುವವರು. ಹಿಂದಿನಿಂದ ಅಮ್ಮ ಹಾದುಹೋದರೆ ‘ಎರಡನೇ ಮುಖ’ ಎಂಬ ಗುರುತು ಬೀಳುವವರು. ಕರೆಂಟು ಹೋಗಿ, ನೆಟ್‌ವರ್ಕ್ ಕಡಿದು ಪರೀಕ್ಷೆ ನಡುವೆ ಹೊರಬಿದ್ದವರು. ಯೋಚಿಸುವಾಗ ಗೋಡೆ ನೋಡುವವರು, ಪ್ರಶ್ನೆಯನ್ನು ತುಟಿಯಲ್ಲೇ ಓದಿಕೊಳ್ಳುವವರು. ಮೈಬಣ್ಣದ ವಿಷಯವೂ ಇದೆ. ಜಾಯ್ ಬುವೊಲಾಮ್ವಿನಿ ಮತ್ತು ಟಿಮ್ನಿಟ್ ಗೆಬ್ರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಖ ನೋಡಿ ಲಿಂಗ ಹೇಳುವ ಪ್ರಸಿದ್ಧ ತಂತ್ರಾಂಶಗಳ ತಪ್ಪು ತಿಳಿ ಮೈಬಣ್ಣದ ಪುರುಷರಲ್ಲಿ ಗರಿಷ್ಠ ಶೇ 0.8 ಇದ್ದರೆ ಕಡು ಮೈಬಣ್ಣದ ಮಹಿಳೆಯರಲ್ಲಿ ಶೇ 34.7ರವರೆಗೂ ಇತ್ತು. ಅದು ಪರೀಕ್ಷಾ ಕಣ್ಗಾವಲಿನ ಅಧ್ಯಯನವಲ್ಲ, ತಂತ್ರಾಂಶಗಳೂ ಅಂದಿನಿಂದ ಸುಧಾರಿಸಿವೆ. ಆದರೂ ಮುಖ ಓದುವ ಯಂತ್ರ ಎಲ್ಲ ಮುಖಗಳನ್ನೂ ಒಂದೇ ನ್ಯಾಯದಿಂದ ಓದುತ್ತದೆಂದು ಪರೀಕ್ಷಿಸದೆ ನಂಬಬಾರದೆಂಬ ಪಾಠ ಅದರಿಂದ ಸಿಕ್ಕಿದೆ.

ಮನೆಯ ಖಾಸಗಿತನವನ್ನು ನ್ಯಾಯಾಲಯಗಳೂ ಶಾಸಕರೂ ಗಂಭೀರವಾಗಿ ತೆಗೆದುಕೊಂಡಿದ್ದಾರೆ. ಅಮೆರಿಕದ ಕ್ಲೀವ್‌ಲೆಂಡ್ ಸ್ಟೇಟ್ ವಿಶ್ವವಿದ್ಯಾಲಯ ಪರೀಕ್ಷೆಗೆ ಮುನ್ನ ವಿದ್ಯಾರ್ಥಿಯ ಕೋಣೆಯನ್ನು ಕ್ಯಾಮೆರಾದಲ್ಲಿ ಶೋಧಿಸಿದ್ದು ಸಂವಿಧಾನಬಾಹಿರವೆಂದು ಫೆಡರಲ್ ನ್ಯಾಯಾಲಯವೊಂದು 2022ರ ಆಗಸ್ಟ್‌ನಲ್ಲಿ ತೀರ್ಪಿತ್ತಿತು. ಯುರೋಪಿನ ಕೃತಕ ಬುದ್ಧಿಮತ್ತೆ ಕಾಯ್ದೆ ನೇಮಕಾತಿಗೆ ಬಳಸುವ ವ್ಯವಸ್ಥೆಗಳನ್ನು ‘ಹೆಚ್ಚು ಅಪಾಯದ’ ಪಟ್ಟಿಗೆ ಸೇರಿಸಿದೆ.

ಪ್ರಶ್ನೆಯಲ್ಲೇ ಇರುವ ಕಾವಲು

‘ನೀನು ಚಾಪೆಯ ಕೆಳಗೆ ತೂರಿದರೆ ನಾನು ರಂಗೋಲಿಯ ಕೆಳಗೆ ತೂರುತ್ತೇನೆ’ ಎಂಬ ಗಾದೆ ಈ ಪೈಪೋಟಿಗೆ ಒಪ್ಪುತ್ತದೆ. ಕ್ಯಾಮೆರಾ ಒಂದಾದರೆ ತಪ್ಪಿಸುವ ಉಪಾಯ ಎರಡಾಗುತ್ತದೆ. ಇದರಿಂದ ಹೊರಬರುವ ದಾರಿ ಪ್ರಶ್ನೆಪತ್ರಿಕೆ ರಚಿಸುವವರ ಕೈಯಲ್ಲಿದೆ: ಕದ್ದ ಉತ್ತರಕ್ಕೆ ಬೆಲೆಯೇ ಇಲ್ಲದಂತೆ ಪ್ರಶ್ನೆ ಕಟ್ಟುವುದು.

ಸೋರಿಕೆಗೆ ಮದ್ದು ದೊಡ್ಡ ಪ್ರಶ್ನೆ ಭಂಡಾರ. ಒಂದೇ ಮಟ್ಟದ ನೂರಾರು ಪ್ರಶ್ನೆಗಳಿಂದ ಪ್ರತಿಯೊಬ್ಬರಿಗೂ ಬೇರೆ ಬೇರೆ ಪತ್ರಿಕೆ ಬಂದರೆ, ಬೆಳಗಿನವರು ಕಳಿಸಿದ ಪ್ರಶ್ನೆ ಮಧ್ಯಾಹ್ನದವರಿಗೆ ಕೆಲಸಕ್ಕೆ ಬಾರದು. ಅಭ್ಯರ್ಥಿಯ ಹಿಂದಿನ ಉತ್ತರ ನೋಡಿ ಮುಂದಿನ ಪ್ರಶ್ನೆಯ ಕಷ್ಟವನ್ನು ಏರಿಳಿಸುವ ಪರೀಕ್ಷೆಗಳೂ ಇವೆ. ಅವುಗಳಲ್ಲಿ ಇಬ್ಬರಿಗೆ ಒಂದೇ ಪತ್ರಿಕೆ ಬರುವುದು ಅಪರೂಪ. ಇದಕ್ಕೆ ಖರ್ಚಿದೆ: ಪ್ರಶ್ನೆಗಳನ್ನು ಬರೆಸಬೇಕು, ಮೊದಲೇ ಪ್ರಯೋಗಿಸಿ ಕಷ್ಟದ ಮಟ್ಟ ಅಳೆಯಬೇಕು, ಹೆಚ್ಚು ಬಾರಿ ಕಂಡವನ್ನು ಹಿಂದೆಗೆಯಬೇಕು. ಅದೇ ಇಪ್ಪತ್ತು ಪ್ರಶ್ನೆಗಳನ್ನು ಮೂರು ವರ್ಷ ಓಡಿಸಿ, ಆಮೇಲೆ ಅಭ್ಯರ್ಥಿಗಳ ಪ್ರಾಮಾಣಿಕತೆಯನ್ನು ದೂರುವುದು ಸರಿಯಲ್ಲ.

ಒಬ್ಬರ ಕೋಡನ್ನು ಇನ್ನೊಬ್ಬರು ಎತ್ತಿದ್ದನ್ನು ಗುರುತಿಸಲು ‘ಮಾಸ್’ ಎಂಬ ಸಾಧನ 1994ರಿಂದಲೂ ಇದೆ. ಕ್ಯಾಲಿಫೋರ್ನಿಯಾದ ಅಲೆಕ್ಸ್ ಐಕನ್ ಕಟ್ಟಿದ ಇದು ಹೆಸರು ಬದಲಿಸಿದರೂ ಸಾಲು ಹಿಂದೆ ಮುಂದೆ ಮಾಡಿದರೂ ಹೋಲಿಕೆಯನ್ನು ಕಾಣುತ್ತದೆ. ಆದರೆ ಹತ್ತು ಸಾಲಿನ ಸುಲಭ ಲೆಕ್ಕಕ್ಕೆ ಎಲ್ಲರ ಉತ್ತರವೂ ಒಂದೇ ಥರ ಇರುತ್ತದೆ, ಎಐ ಪ್ರತಿ ಬಾರಿಯೂ ಬೇರೆ ಥರ ಬರೆದುಕೊಡುತ್ತದೆ. ಹೋಲಿಕೆ ಸುಳಿವು ಕೊಡಬಲ್ಲದು, ಸಾಕ್ಷಿಯಾಗಲಾರದು. ಅದಕ್ಕಿಂತ ಕೋಡು ಬೆಳೆದ ದಾರಿಯನ್ನು ನೋಡುವುದು ಮೇಲು. ಬರೆದು, ಅಳಿಸಿ, ಓಡಿಸಿ, ತಪ್ಪು ಕಂಡು ತಿದ್ದಿದ ಗುರುತು ಒಬ್ಬರದರಲ್ಲಿದ್ದರೆ, ನಲವತ್ತು ಸಾಲು ಒಂದೇ ಏಟಿಗೆ ಬಂದು ಬಿದ್ದ ಗುರುತು ಇನ್ನೊಬ್ಬರದರಲ್ಲಿ ಇರುತ್ತದೆ. ಇದೂ ಅಪರಾಧದ ಸಾಕ್ಷಿಯಲ್ಲ, ಆದರೆ ಸಂದರ್ಶನದಲ್ಲಿ ಏನು ಕೇಳಬೇಕೆಂಬುದನ್ನು ತಿಳಿಸುತ್ತದೆ.

ಪ್ರಶ್ನೆಯ ಗುಣವೇ ಮುಖ್ಯ. ಪಠ್ಯಪುಸ್ತಕದ ಲೆಕ್ಕವನ್ನು ಕೊಟ್ಟು ಕೋಡ್ ಬರೆಯಿರಿ ಎಂದರೆ ಉತ್ತರ ಜಗತ್ತಿನಲ್ಲೆಲ್ಲ ಬಿದ್ದಿದೆ. ಬದಲಿಗೆ ಬಸ್ ಟಿಕೆಟ್ ದರ ಲೆಕ್ಕ ಹಾಕುವ ಇನ್ನೂರು ಸಾಲಿನ ಪ್ರೋಗ್ರಾಂ ಕೊಟ್ಟು, ಹಿರಿಯ ನಾಗರಿಕರ ರಿಯಾಯಿತಿ ಎಲ್ಲಿ ತಪ್ಪುತ್ತಿದೆ ಹುಡುಕಿ, ಏಕೆ ತಪ್ಪಿತೆಂದು ನಾಲ್ಕು ಸಾಲಿನಲ್ಲಿ ಹೇಳಿ ಎಂದು ಕೇಳಬಹುದು. ಎಐ ಇದನ್ನೂ ಬಿಡಿಸೀತು. ಆದರೆ ಮರುದಿನ ಸಂದರ್ಶಕರು ‘ರಿಯಾಯಿತಿ ಶೇಕಡಾ ಬದಲಾದರೆ ಎಲ್ಲಿ ತಿದ್ದುತ್ತೀರಿ?’ ಎಂದು ಎದುರಿಗೇ ಕೇಳಿದಾಗ, ಬಿಡಿಸಿದವರು ಯಾರೆಂಬುದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಎರಡನೇ ಸುತ್ತು

ಈ ಎಲ್ಲ ಉಪಾಯಗಳಲ್ಲಿ ಹೆಚ್ಚು ಭರವಸೆ ಹುಟ್ಟಿಸುವುದು ಎರಡು ಹಂತದ ಪದ್ಧತಿ. ಮನೆಯ ಪರೀಕ್ಷೆಯ ಅಂಕವನ್ನು ಅಭ್ಯರ್ಥಿ ತನ್ನ ಬಗ್ಗೆ ಹೇಳಿಕೊಂಡ ಮಾತೆಂದು ತೆಗೆದುಕೊಂಡು, ಆಯ್ಕೆಯಾದವರನ್ನು ಮೇಲ್ವಿಚಾರಣೆಯಲ್ಲಿ ಮತ್ತೊಮ್ಮೆ ಪರೀಕ್ಷಿಸುವುದು. ಎಸ್‌ಎಚ್‌ಎಲ್‌ನಂಥ ಸಂಸ್ಥೆಗಳು ಚಿಕ್ಕ ದೃಢೀಕರಣ ಪರೀಕ್ಷೆಯ ರೂಪದಲ್ಲಿ ಇದನ್ನು ಬಹುಕಾಲದಿಂದ ಬಳಸುತ್ತಿವೆ. ಹತ್ತು ಸಾವಿರ ಜನರನ್ನು ಕೇಂದ್ರಕ್ಕೆ ಕರೆಯುವುದು ಕಷ್ಟ. ಆಯ್ದ ಐನೂರು ಜನರನ್ನು ಕರೆಯುವುದು ಕಷ್ಟವಲ್ಲ. ಮುಂದೆ ಮುಖಾಮುಖಿ ಪರೀಕ್ಷೆ ಇದೆ ಎಂದು ಮೊದಲೇ ತಿಳಿಸಿದರೆ ನಕಲು ಮಾಡುವ ಆಸೆಯೇ ಕುಗ್ಗುತ್ತದೆ.

ಸಂಶೋಧನೆಯೂ ಇದಕ್ಕೆ ಬಲ ಕೊಡುತ್ತದೆ. ಆಯ್ಕೆ ವಿಧಾನಗಳು ಮುಂದಿನ ಕೆಲಸದ ಗುಣಮಟ್ಟವನ್ನು ಎಷ್ಟು ಸರಿಯಾಗಿ ಸೂಚಿಸುತ್ತವೆ ಎಂಬುದನ್ನು ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು 2022ರಲ್ಲಿ ಮರುಲೆಕ್ಕ ಹಾಕಿದರು. ಎಲ್ಲರಿಗೂ ಒಂದೇ ಕ್ರಮದಲ್ಲಿ ಪ್ರಶ್ನೆ ಕೇಳಿ ಒಂದೇ ಅಳತೆಯಲ್ಲಿ ಅಂಕ ಕೊಡುವ ಸಂದರ್ಶನ 0.42ರ ಸಹಸಂಬಂಧದೊಂದಿಗೆ ಮೊದಲಿತ್ತು. ಕೆಲಸದ ಜ್ಞಾನದ ಪರೀಕ್ಷೆ 0.40, ಕೆಲಸದ ಮಾದರಿ ಮಾಡಿಸುವುದು 0.33, ಸಾಮಾನ್ಯ ಬುದ್ಧಿಶಕ್ತಿಯ ಪರೀಕ್ಷೆ 0.31. ಕ್ರಮಬದ್ಧ ಸಂದರ್ಶನ ನಕಲನ್ನು ಹಿಡಿಯುವುದರ ಜೊತೆಗೆ ಒಳ್ಳೆಯ ಕೆಲಸಗಾರರನ್ನೂ ಗುರುತಿಸುತ್ತದೆ ಎಂದಾಯಿತು. ಕನಿಷ್ಠ ಒಂದು ಸುತ್ತಿನ ಸಂದರ್ಶನವನ್ನಾದರೂ ಮುಖಾಮುಖಿ ನಡೆಸುವುದಾಗಿ ಗೂಗಲ್ ಮುಖ್ಯಸ್ಥ ಸುಂದರ್ ಪಿಚೈ 2025ರಲ್ಲಿ ಹೇಳಿದರು.

ಆದರೆ ಕೇಂದ್ರಕ್ಕೆ ಕರೆದರೆ ಎಲ್ಲವೂ ಸರಿಹೋಗುತ್ತದೆ ಎಂಬ ಭ್ರಮೆ ಬೇಡ. ಕರ್ನಾಟಕದ 545 ಪೊಲೀಸ್ ಸಬ್ ಇನ್‌ಸ್ಪೆಕ್ಟರ್ (ಪಿಎಸ್‌ಐ) ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ನಡೆದದ್ದು ಕೇಂದ್ರದಲ್ಲಿ ಬರೆಸಿದ ಪರೀಕ್ಷೆಯೇ. ಒಎಂಆರ್ ತಿದ್ದುಪಡಿ ಮತ್ತು ಬ್ಲೂಟೂತ್ ಅಕ್ರಮ ಬಯಲಾಗಿ ಪರೀಕ್ಷೆ ರದ್ದಾಯಿತು, ಹಿರಿಯ ಪೊಲೀಸ್ ಅಧಿಕಾರಿಯೇ ಬಂಧನಕ್ಕೊಳಗಾದರು. ಕಷ್ಟಪಟ್ಟು ಓದಿ ಆಯ್ಕೆಯಾದವರೂ 2024ರ ಜನವರಿಯಲ್ಲಿ ಮತ್ತೆ ಬರೆಯಬೇಕಾಯಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು? ಕೇಂದ್ರವಿರಲಿ, ಮನೆಯಿರಲಿ, ಒಂದೇ ಕಾವಲನ್ನು ನೆಚ್ಚಬಾರದು.

ನಿಯಮ, ಕಾನೂನು, ಮಾತು

2024ರ ಜೂನ್ 21ರಿಂದ ಜಾರಿಯಲ್ಲಿರುವ ಕೇಂದ್ರದ ಸಾರ್ವಜನಿಕ ಪರೀಕ್ಷೆಗಳ ಅಕ್ರಮ ತಡೆ ಕಾಯ್ದೆ ಯುಪಿಎಸ್‌ಸಿ, ಎಸ್‌ಎಸ್‌ಸಿ, ರೈಲ್ವೆ, ಐಬಿಪಿಎಸ್, ಎನ್‌ಟಿಎ ಪರೀಕ್ಷೆಗಳಿಗೆ ಅನ್ವಯಿಸುತ್ತದೆ. ಸಂಘಟಿತ ಅಪರಾಧಕ್ಕೆ 5ರಿಂದ 10 ವರ್ಷ ಸೆರೆ, ಕನಿಷ್ಠ 1 ಕೋಟಿ ರೂಪಾಯಿ ದಂಡ ವಿಧಿಸಬಹುದು. ಖಾಸಗಿ ಕಂಪನಿಗಳ ನೇಮಕಾತಿ ಪರೀಕ್ಷೆ ಇದರ ವ್ಯಾಪ್ತಿಯಲ್ಲಿಲ್ಲ. ಅಲ್ಲಿ ನಡೆಯುವುದು ಕಂಪನಿ ಬರೆದ ನಿಯಮವೇ. ಆ ನಿಯಮ ಸ್ಪಷ್ಟವಾಗಿರಬೇಕಾದ ಹೊಣೆಯೂ ಅದಕ್ಕೇ ಹೆಚ್ಚು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯದಂತೆ, ಯಾವ ದೃಶ್ಯ ದಾಖಲಾಗುತ್ತದೆ, ಏಕೆ, ಯಾವಾಗ ಅಳಿಸಲಾಗುತ್ತದೆ ಎಂಬುದು ಅಭ್ಯರ್ಥಿಗೆ ಮೊದಲೇ ತಿಳಿದಿರಬೇಕು.

‘ನಾನು ನಕಲು ಮಾಡುವುದಿಲ್ಲ’ ಎಂದು ಆರಂಭದಲ್ಲೇ ಸಹಿ ಮಾಡಿಸಿದರೆ ಜನ ಪ್ರಾಮಾಣಿಕರಾಗುತ್ತಾರೆ ಎಂಬ ನಂಬಿಕೆ ಒಂದು ಕಾಲಕ್ಕೆ ಜನಪ್ರಿಯವಾಗಿತ್ತು. ಅದಕ್ಕೆ ಆಧಾರವಾಗಿದ್ದ 2012ರ ಪ್ರಬಂಧವನ್ನು ದತ್ತಾಂಶದ ವಂಚನೆ ಬಯಲಾಗಿ 2021ರಲ್ಲಿ ಹಿಂಪಡೆಯಲಾಯಿತು. ಸಹಿಯಿಂದ ಪವಾಡ ನಡೆಯುವುದಿಲ್ಲ. ಆದರೂ ನಿಯಮವನ್ನು ಬಿಡಿಸಿ ಹೇಳುವುದರಿಂದ ಪ್ರಯೋಜನವಿದೆ. ಗೂಗಲ್ ನೋಡಬಹುದೇ, ಎಐ ಬಳಸಬಹುದೇ ಎಂದು ತಿಳಿಯದೆ ತಪ್ಪು ಮಾಡುವವರು ಕಡಿಮೆಯಿಲ್ಲ. ಕ್ಯಾನ್ವಾ ಕಂಪನಿ 2025ರಲ್ಲಿ ತನ್ನ ಕೋಡಿಂಗ್ ಸಂದರ್ಶನಗಳಲ್ಲಿ ಎಐ ಬಳಸಿಯೇ ಕೆಲಸ ಮಾಡಿತೋರಿಸಲು ಹೇಳತೊಡಗಿತು. ದಿನನಿತ್ಯದ ಕೆಲಸದಲ್ಲಿ ಎಐ ಇರುವ ಕಡೆ ಇದು ಪ್ರಾಮಾಣಿಕ ನಿಲುವು. ಬಳಸಲು ಬಿಡುವ ಸುತ್ತು ಯಾವುದು, ಬಿಡದ ಸುತ್ತು ಯಾವುದು ಎಂದು ಹೇಳಿಬಿಟ್ಟರೆ ಅರ್ಧ ಗೊಂದಲ ಕಳೆಯುತ್ತದೆ.

ಮಾಡಬೇಕಾದದ್ದು

ಈ ಸಮೀಕ್ಷೆ ನನ್ನನ್ನು ಒಂದು ತೀರ್ಮಾನಕ್ಕೆ ತಂದಿದೆ: ನಕಲನ್ನು ಕ್ಯಾಮೆರಾದಿಂದ ಗೆಲ್ಲಲಾಗದು, ಒಳ್ಳೆಯ ಪ್ರಶ್ನೆ ಮತ್ತು ಮುಖಾಮುಖಿ ಮಾತಿನಿಂದ ಗೆಲ್ಲಬಹುದು. ಕಂಪನಿಗಳು ಕಣ್ಗಾವಲಿಗೆ ಸುರಿಯುವ ಹಣದ ಒಂದು ಪಾಲನ್ನು ಪ್ರಶ್ನೆ ಭಂಡಾರಕ್ಕೂ ಸಂದರ್ಶಕರ ತರಬೇತಿಗೂ ಕೊಡಲಿ. ಯಂತ್ರ ಬೊಟ್ಟು ಮಾಡಿದವರಿಗೆ ಕಾರಣ ತಿಳಿಸಿ, ಮತ್ತೊಮ್ಮೆ ಮೇಲ್ವಿಚಾರಣೆಯಲ್ಲಿ ಬರೆಯುವ ಅವಕಾಶ ಕೊಡಲಿ. ಆ ಎರಡನೇ ಸುತ್ತಿಗೆ ಎಲ್ಲರನ್ನೂ ಬೆಂಗಳೂರಿಗೆ ಎಳೆಯಬೇಕಿಲ್ಲ. ಕಲಬುರಗಿ, ಬೆಳಗಾವಿ, ಶಿವಮೊಗ್ಗ, ಮಂಗಳೂರಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕಂಪ್ಯೂಟರ್ ಲ್ಯಾಬ್‌ಗಳಿವೆ. ಹಲವು ಕಂಪನಿಗಳು ಸೇರಿ ಅವನ್ನು ಹಂಚಿಕೊಂಡು ಬಳಸಬಹುದು. ಕಾಲೇಜುಗಳ ಪ್ಲೇಸ್‌ಮೆಂಟ್ ವಿಭಾಗಗಳು ಸಂಖ್ಯೆಯ ಹಿಂದೆ ಓಡಿ ನಕಲಿಗೆ ಕಣ್ಣು ಮುಚ್ಚುವುದನ್ನು ನಿಲ್ಲಿಸಲಿ.

ಕೊನೆಯ ಮಾತು ಪರೀಕ್ಷೆಗೆ ಕೂರಲಿರುವ ತರುಣ ತರುಣಿಯರಿಗೆ. ನಕಲು ಮಾಡಿ ದಾಟಿದ ಪರೀಕ್ಷೆ ಮುಗಿಯುವುದಿಲ್ಲ. ನೌಕರಿಯ ಮೊದಲ ದಿನ ಅದು ಮತ್ತೆ ಶುರುವಾಗುತ್ತದೆ, ಅಲ್ಲಿ ಪ್ರಾಕ್ಸಿ ಕೂರಲು ಬರುವುದಿಲ್ಲ. ನಿಮ್ಮ ಊರಿನ ನೆಟ್‌ವರ್ಕ್ ಕಡಿದರೆ, ಯಂತ್ರ ನಿಮ್ಮನ್ನು ತಪ್ಪಾಗಿ ಅನುಮಾನಿಸಿದರೆ, ಸುಮ್ಮನಿರಬೇಡಿ. ಕಾರಣ ಕೇಳಿ, ಮರುಪರೀಕ್ಷೆ ಕೇಳಿ. ಪ್ರಾಮಾಣಿಕವಾಗಿ ಬರೆದವರಿಗೆ ಆ ಹಕ್ಕಿದೆ.